ಕಾಯಿ ಅಟ್ಟದ ಗೋಡೆಯ ಅಡ್ಡಕೊಯ್ತ

ನಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ಗೋಡೆ ಎಬ್ಬಿಸುವುದು ಬಹಳ ಸುಲಭವಾದ ಕೆಲಸ. ಪರದೆಯ ಮೇಲೆ ಒಂದು ಕಡೆ ಮೌಸ್ ಒತ್ತಿ, ಬೇಕಾದಷ್ಟು ದೂರ ಗೆರೆ ಎಳೆದು, ಇನ್ನೊಂದು ಕಡೆ ಒತ್ತಿದರೆ ನಡುವೆ ಗೋಡೆ ಎದ್ದು ನಿಲ್ಲುತ್ತದೆ. ದಪ್ಪವೆಷ್ಟು, ಎತ್ತರವೆಷ್ಟು ಎಂಬುದನ್ನು ಮೊದಲೇ ತಿಳಿಸಿರಬೇಕು, ಅಷ್ಟೆ. ಹಾಗೆ ಎದ್ದ ಗೋಡೆ ಬುಡದಲ್ಲಿ ಎಷ್ಟು ದಪ್ಪವೋ ನೆತ್ತಿಯಲ್ಲಿಯೂ ಅಷ್ಟೇ ದಪ್ಪವಾಗಿರುತ್ತದೆ. ತಿಪಟೂರಿನ ಹೊಸ ಬಡಾವಣೆಗಳಲ್ಲಿ ಏಳುತ್ತಿರುವ ಮನೆಗಳಿಗೆ ಅಂಥ ಗೋಡೆ ಸಾಕಾಗುತ್ತದೆ. ಬಿಳಿಗೆರೆಯ ಒಂದು ಮನೆಗೆ ಅದು ಸಾಕಾಗಲಿಲ್ಲ. ಆ ಮನೆಯ ಗೋಡೆಯ ವಿಷಯವನ್ನು ನಾನು ಇಲ್ಲಿ ಸಾಧ್ಯವಾದಷ್ಟು ಸರಿಯಾಗಿ ಹೇಳಲು ಪ್ರಯತ್ನಿಸುತ್ತೇನೆ.

ನಮ್ಮ ಕಚೇರಿ ಎಂದರೆ ಪೇಟೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಎರಡು ಕೋಣೆಗಳು. ಮನೆಗಳ ನಕ್ಷೆ ತಯಾರಿಸುವುದು, ಮನೆ ಕಟ್ಟಿದ ಮೇಲೆ ಹೇಗೆ ಕಾಣುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಮಾಡೆಲ್ ಮಾಡಿ ತೋರಿಸುವುದು ನಮ್ಮ ಕೆಲಸ. ಕಚೇರಿಯನ್ನು ನಡೆಸುವವರು ಐವತ್ತು ದಾಟಿದ ಒಬ್ಬ ಹೆಂಗಸು. ಅವರನ್ನು ನಾನು ಮೇಡಂ ಎಂದು ಕರೆಯುತ್ತೇನೆ. ಅವರಲ್ಲದೆ ಅಲ್ಲಿ ಇರುವುದು ನಾನೊಬ್ಬಳೇ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ನಮ್ಮಮ್ಮ ಕಿಬ್ಬನಹಳ್ಳಿಯಲ್ಲಿ ತೆಂಗಿನ ಗರಿ ಸೀಳಿ, ಕಡ್ಡಿ ಹೆರೆದು, ಪೊರಕೆ ಕಟ್ಟಿ ರಸ್ತೆಬದಿಯ ಅಂಗಡಿಗಳಿಗೆ ಕೊಡುತ್ತಾರೆ. ಬೆಳಿಗ್ಗೆ ಬಸ್ಸು ಹತ್ತುವ ಮೊದಲು ನಾನೂ ಒಂದಿಷ್ಟು ಕಡ್ಡಿ ಹೆರೆದುಕೊಟ್ಟು ಬರುವುದು ರೂಢಿ. ಕಚೇರಿಯಲ್ಲಿ ಮಾತ್ರ ನಾನು ಪ್ರತಿಯೊಂದು ಮಾತನ್ನೂ ಮನಸ್ಸಿನಲ್ಲಿ ಒಮ್ಮೆ ಆಡಿ ನೋಡಿಕೊಂಡು ಬಾಯಿಗೆ ತರುತ್ತಿದ್ದೆ.

ಬಿಳಿಗೆರೆಯ ಮನೆಯ ಕೆಲಸ ಬಂದದ್ದು ಅಂಥ ದಿನಗಳಲ್ಲಿ. ಮನೆಯ ಯಜಮಾನಿ ತಾವೇ ಕಚೇರಿಗೆ ಬಂದರು. ಗಂಡ ತೀರಿಕೊಂಡ ಮೇಲೆ ತೋಟವನ್ನೂ ಕೊಬ್ಬರಿಯನ್ನೂ ಅವರೇ ನೋಡಿಕೊಂಡು ಬಂದಿದ್ದರು. ಮಕ್ಕಳು, ಸೊಸೆ, ಮೊಮ್ಮಗು ಎಲ್ಲರೂ ಇದ್ದ ಮನೆ; ಜಾಗ ಸಾಲದೆ ಮೇಲೆ ಎರಡು ಕೋಣೆ ಬೇಕಾಗಿತ್ತು. ತುರುವೇಕೆರೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಅವರ ಮೈದುನರಿಗೂ ಆ ಮನೆಯಲ್ಲಿ ಪಾಲಿತ್ತು. ಹಳೆಯದನ್ನೆಲ್ಲ ಕೆಡವಿ, ಕಂಬ ನಿಲ್ಲಿಸಿ, ತಾರಸಿ ಮನೆ ಕಟ್ಟಿ, ಕಾಯಿಗೆ ಹಿತ್ತಲಿನಲ್ಲಿ ತಗಡಿನ ಶೆಡ್ಡು ಹಾಕೋಣವೆಂಬುದು ಅವರ ಅಭಿಪ್ರಾಯ.

"ತಗಡ್ ಕೆಳಗೆ ಕಾಯಿ ಬೇಯ್ತವೆ ಕಣ್ರೀ, ಒಣಗಲ್ಲ," ಎಂದರು ಯಜಮಾನಿ, ಕುರ್ಚಿಯ ತುದಿಯಲ್ಲಿ ಕುಳಿತು. "ನಮ್ಮ ಅಟ್ಟದ್ ಗೋಡೆ ಐತಲ್ಲ, ಅದು ಬ್ಯಾಸ್ಗೇಲಿ ತಣ್ಣಗಿರ್ತದೆ, ಮಳೇಲಿ ಬೆಚ್ಚಗಿರ್ತದೆ. ಆ ಅಟ್ಟದಾಗೆ ಕೌಟು ಕೊಬ್ರಿ ಬಂದಿದ್ದು ನಾ ಕಂಡೇ ಇಲ್ಲ. ಮೇಲ್ ಎರಡು ರೂಮ್ ಬರ್ಲಿ, ಬ್ಯಾಡ ಅನ್ನಲ್ಲ. ಗೋಡೆ ಉಳ್ಕಂಡು ಬರ್ಬೇಕು."

"ನಿಮ್ಮ ಮೈದುನ ಒಪ್ತಾರಾ?" ಎಂದು ಕೇಳಿದರು ಮೇಡಂ.

"ಪ್ಲಾನಲ್ಲಿ ಆಗ್ತದೆ ಅಂತ ತೋರ್ಸಿದ್ರೆ ಒಪ್ತೀನಿ ಅಂದವ್ನೆ. ಆಗಲ್ಲ ಅಂದ್ರೆ ಈ ಸಲ ಕಾಯಿ ಇಳಿಸಿದ್ ಮೇಲೆ ಜೆಸಿಬಿ ತರ್ಸ್ತಾನಂತೆ. ಬರೋ ಭಾನ್ವಾರ ಊರ್ಗೆ ಬತ್ತಾನೆ. ಅಷ್ಟ್ರೊಳಗೆ ಏನಾದ್ರೂ ಮಾಡಿಕೊಡಿ."

ನಮ್ಮ ಕಡೆಯವರಲ್ಲದ ಓದುಗರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಉಂಡೆ ಕೊಬ್ಬರಿಗಾಗಿ ಕಿತ್ತ ಕಾಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ತುಂಬಿ, ಹೆಚ್ಚುಕಡಿಮೆ ಒಂದು ವರ್ಷ ಅಲ್ಲಿಯೇ ಬಿಡುತ್ತಾರೆ. ಒಳಗಿನ ನೀರೆಲ್ಲ ಆರಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಕಾಯನ್ನು ಅಲುಗಾಡಿಸಿದರೆ ಲೊಡಲೊಡ ಎಂದು ಸದ್ದು ಬರಬೇಕು. ಆ ಸದ್ದು ಬರುವವರೆಗೆ ಅಟ್ಟದ ಕಾಯನ್ನು ಯಾರೂ ಕದಲಿಸುವುದಿಲ್ಲ. ಅಟ್ಟ ಹತ್ತಿ ಕಾಯಿ ತುಳಿದು ಓಡಾಡುವುದಂತೂ ಇಲ್ಲವೇ ಇಲ್ಲ. ಪೆಟ್ಟು ಬಿದ್ದ ಕಾಯಿ ಒಳಗೊಳಗೇ ಕೆಟ್ಟು ಪಕ್ಕದ್ದನ್ನೂ ಕೆಡಿಸೀತೆಂಬ ಭಯ. ನಾನು ಅಳತೆಗೆ ಹೋದಾಗ ಬಿಳಿಗೆರೆಯ ಆ ಅಟ್ಟ ಗೋಡೆಯಿಂದ ಗೋಡೆಗೆ ತುಂಬಿತ್ತು.

ಆದ್ದರಿಂದ ನಾನು ಅಟ್ಟದೊಳಗೆ ಕಾಲಿಡದೆ ಅಳತೆ ಮಾಡಿಕೊಂಡು ಬಂದೆ. ಅಟ್ಟದ ಕೆಳಗಿನ ಕೋಣೆಯಲ್ಲಿ ರಾಗಿ ಮೂಟೆಗಳೂ ನೇಗಿಲು ಮೊದಲಾದ ಸಾಮಾನೂ ಇದ್ದವು. ಅದರ ಬಾಗಿಲಿನ ಪಕ್ಕದಲ್ಲಿ ಗೋಡೆಯ ದಪ್ಪ ಅಳೆದೆ. ಎರಡು ಅಡಿಗೆ ಮಿಕ್ಕಿದ ದಪ್ಪ. ಕಲ್ಲಿನ ಬುನಾದಿ, ಅದರ ಮೇಲೆ ಕೆಮ್ಮಣ್ಣಿನ ಗೋಡೆ. ಕಚೇರಿಗೆ ಮರಳಿ ಅದೇ ದಪ್ಪವನ್ನು ತಿಳಿಸಿ ಗೋಡೆ ಎಬ್ಬಿಸಿದೆ. ತೊಲೆ ಇಟ್ಟೆ, ಅಟ್ಟ ಹಾಸಿದೆ, ಹೆಂಚಿನ ಮಾಡು ಹೊದಿಸಿದೆ. ಹೊಸ ಮೆಟ್ಟಿಲು ಮನೆಯ ಮುಂಭಾಗದಲ್ಲಿ ಬರಬೇಕು, ಹೊಸ ಕೋಣೆಗಳು ಹಿಂಭಾಗದಲ್ಲಿ. ಒಂದರಿಂದ ಇನ್ನೊಂದಕ್ಕೆ ಹೋಗಲು ಅಟ್ಟದ ಗೋಡೆಯ ಪಕ್ಕದಲ್ಲಿಯೇ ಒಂದು ಓಣಿ ಬಿಡಬೇಕು. ಓಣಿಯ ಇನ್ನೊಂದು ಬದಿಗೆ ಕಾಯಿ ಜಾರದಂತೆ ಗಳುಗಳ ತಡಿಕೆ. ಆ ತಡಿಕೆಯನ್ನು ಹಿಂದೆ ಸರಿಸುವಂತಿರಲಿಲ್ಲ. ಅಟ್ಟದ ನಡುಗಂಬಗಳು ಅಲ್ಲಿಯೇ ಸಾಲಾಗಿ ನಿಂತಿದ್ದವು.

ಓಣಿ ಸಾಲಲಿಲ್ಲ. ಬರಿಗೈಯಲ್ಲಿ ಹೋಗುವವರು ಹೋಗಬಹುದು. ಆದರೆ ಯಜಮಾನಿ ಇನ್ನೊಂದು ಮಾತನ್ನೂ ಒತ್ತಿ ಹೇಳಿದ್ದರು: ಕಾಯಿ ತುಂಬಿದ ಮಂಕರಿಯನ್ನು ಸೊಂಟದ ಮೇಲಿಟ್ಟುಕೊಂಡು ನಡೆಯಲು ಆಗಬೇಕು. ಪರದೆಯ ಮೇಲಿನ ಓಣಿಯಲ್ಲಿ ಮಂಕರಿ ಸಿಕ್ಕಿಕೊಳ್ಳುತ್ತಿತ್ತು. ನಾನು ಮೆಟ್ಟಿಲನ್ನು ಅತ್ತಿತ್ತ ಸರಿಸಿದೆ, ಬಾಗಿಲು ತಿರುಗಿಸಿದೆ. ಯಾವುದೂ ಆಗಲಿಲ್ಲ. ಗೋಡೆ ಉಳಿದರೆ ಓಣಿ ಇಲ್ಲ, ಓಣಿ ಬೇಕಾದರೆ ಗೋಡೆ ಇರಬಾರದು. ಮೈದುನರು ಹೇಳಿದ್ದೇ ಸರಿಯೆಂದು ಆ ಮಾಡೆಲ್ ಸಾಕ್ಷಿ ನುಡಿಯುವಂತಿತ್ತು. ಅದನ್ನು ಯಜಮಾನಿಗೆ ಹೇಗೆ ತಿಳಿಸುವುದೆಂದು ನಾನು ಸೌಜನ್ಯದ ವಾಕ್ಯಗಳನ್ನು ಹೊಂದಿಸಿಕೊಳ್ಳುತ್ತಿದ್ದಾಗ ಮೇಡಂ ನನ್ನ ಕುರ್ಚಿಯ ಹಿಂದೆ ಬಂದು ನಿಂತರು.

ಮೇಡಂ ಮಾಡೆಲನ್ನು ನೋಡಲಿಲ್ಲ. ನಾನು ಕೆಳಗಿನ ಕೋಣೆಯಲ್ಲಿ ತೆಗೆದುಕೊಂಡು ಬಂದ ಫೋಟೋಗಳನ್ನು ಒಂದೊಂದಾಗಿ ನೋಡಿದರು. ಮಸಿ ಹಿಡಿದ ತೊಲೆಗಳು ಗೋಡೆಗೆ ತಾಗುವ ಜಾಗವನ್ನು ದೊಡ್ಡದು ಮಾಡಿ ಬಹಳ ಹೊತ್ತು ದಿಟ್ಟಿಸಿದರು.

"ಇಲ್ ನೋಡೇ. ತೊಲೆ ಗೋಡೇಲಿ ತೂತ ಕೊರೆದು ಸೇರ್ಸಿದ ಹಂಗೆ ಕಾಣ್ತದಾ ನಿಂಗೆ?"

ತೊಲೆಗಳ ನಡುವಿನ ಸಂದಿಗೆ ಮಣ್ಣು ಮೆತ್ತಿ ಮುಚ್ಚಿದ್ದರು. ಆ ಮೆತ್ತಿದ ಮಣ್ಣು ಗೋಡೆಯ ಮುಖಕ್ಕಿಂತ ತುಸು ಒಳಗಿತ್ತು. ನಾನು ಹಾಗೆಂದೆ.

"ಮತ್ತೆ? ಕೂತೈತೆ ಅದು. ಮೆಟ್ಲ ಮೇಲೆ ಕೂತ ಹಂಗೆ ತೊಲೆ ಗೋಡೆ ಮೇಲೆ ಕೂತೈತೆ. ಅಲ್ಲೀಗಂಟ ದಪ್ಪ, ಅಲ್ಲಿಂದ ಮ್ಯಾಲೆ ಸಣ್ಣ ಇರ್ಬೇಕು. ನೀನು ಬುಡ ಅಳ್ದು ನೆತ್ತಿಗೂ ಅದೇ ಅಂಗಿ ತೊಡಿಸಿದ್ದೀಯ."

ನನಗೆ ಆ ಕ್ಷಣದಲ್ಲಿ ಅನ್ನಿಸಿದ್ದು ನಾಚಿಕೆಗಿಂತ ಹೆಚ್ಚಾಗಿ ಬೆರಗು. ಒಂದು ಮಸುಕಾದ ಫೋಟೋದಿಂದ ಅವರು ಕಾಣದ ಗೋಡೆಯ ಒಳಮೈಯನ್ನು ಓದಿದ್ದರು. ನಾನು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿಯೇ ಅವರು ನನ್ನನ್ನು ಹಳೆಯ ಕಲ್ಲಿನ ಗುಡಿಯಿರುವ ಅರಳಗುಪ್ಪೆಗೆ ಕಳುಹಿಸಿ, "ಗುಡಿ ಬುಡ ನೋಡ್ಕಂಡ್ ಬಾ, ಮೇಲಿನ ಗೊಂಬೆ ಆಮೇಲೆ ನೋಡುವೆಯಂತೆ" ಎಂದಿದ್ದರು. ಅಲ್ಲಿ ಕಲ್ಲಿನ ಪಟ್ಟಿಗಳು ಒಂದರ ಮೇಲೊಂದು ಉಬ್ಬಿ, ತಗ್ಗಿ, ಮತ್ತೆ ಉಬ್ಬಿ, ಗುಡಿಯ ಪ್ರತಿಯೊಂದು ಮೂಲೆಯನ್ನೂ ಸುತ್ತಿ ಹಾಗೆಯೇ ಹರಿದಿದ್ದವು. ಎಲ್ಲಿ ಕೊಯ್ದು ನೋಡಿದರೂ ಅದೇ ಅಂಚು ಸಿಗುತ್ತದೆ. ಮರಳಿ ಬಂದ ಮೇಲೆ ಮೇಡಂ ಸಾಫ್ಟ್‌ವೇರಿನಲ್ಲಿ ಪ್ರೊಫೈಲ್ ಎಂಬ ಭಾಗವನ್ನು ತೆರೆದು ತೋರಿಸಿದ್ದರು. ಗೋಡೆಯನ್ನು ಅಡ್ಡಲಾಗಿ ಕೊಯ್ದರೆ ಕಾಣುವ ಆಕಾರವನ್ನು ನಾವೇ ಬರೆದುಕೊಡಬೇಕು. ಬರೆದ ಮೇಲೆ ಸಾಫ್ಟ್‌ವೇರು ಆ ಆಕಾರವನ್ನು ನಾವು ಎಳೆದ ಗೆರೆಯ ಉದ್ದಕ್ಕೂ ಹರಿಸಿ ಗೋಡೆ ಮಾಡುತ್ತದೆ. ಆ ದಿನ ಅದು ನನಗೆ ಅಲಂಕಾರದ ಕೆಲಸವಾಗಿ ಮಾತ್ರ ಕಂಡಿತ್ತು.

ಈಗ ಅದೇ ಬೇಕಾಗಿತ್ತು. ಬರೆಯುವುದಕ್ಕೆ ಮೊದಲು ಆಕಾರ ತಿಳಿಯಬೇಕು. ಒಳಗೆ ಕಾಯಿ ತುಂಬಿರುವ ಗೋಡೆಯ ಮೇಲ್ಭಾಗದ ದಪ್ಪವನ್ನು ಅಳೆಯುವುದು ಹೇಗೆ?

ಮರುದಿನ ಇಬ್ಬರೂ ಬಿಳಿಗೆರೆಗೆ ಹೋದೆವು. ಮೇಡಂ ಅವರ ಸ್ಕೂಟರಿನಲ್ಲಿ ತೋಟಗಳ ನಡುವಿನ ರಸ್ತೆಯಲ್ಲಿ ಹೋಗುವಾಗ ನಾನು ಬ್ಯಾಗಿನಲ್ಲಿದ್ದ ಲೇಸರ್ ಅಳತೆಯಂತ್ರವನ್ನು ಎದೆಗವಚಿಕೊಂಡು ಕುಳಿತಿದ್ದೆ. ಅದು ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಎದುರಿಗೆ ಬಯಲಿದ್ದರೆ ಅದು ಅಳೆಯುತ್ತದೆ. ಗೋಡೆಯ ಹೊಟ್ಟೆಯನ್ನು ಅಳೆಯಲಾರದು. ಕಾಯನ್ನು ಒಂದಿಷ್ಟು ಸರಿಸಬಹುದೇ ಎಂದು ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಕೇಳುವ ಮೊದಲೇ ಯಜಮಾನಿ ಉತ್ತರ ಕೊಟ್ಟರು: "ಕಾಯ್ ತಂಟೆಗೆ ಮಾತ್ರ ಹೋಗ್‌ಬ್ಯಾಡಿ ಕಣ್ರವ್ವ. ಇನ್ನೂ ನೀರಾಡ್ತಾವೆ."

ಗೋಡೆಯ ಹೊರಮೈಯಲ್ಲಿ ಗಾಳಿಯಾಡಲೆಂದು ಬಿಟ್ಟ ಕಿಂಡಿಗಳ ಸಾಲುಗಳಿದ್ದವು. ಕೆಳಗಿನ ಕೋಣೆಗೆ ಒಂದು ಸಾಲು, ಅಟ್ಟಕ್ಕೆ ಒಂದು ಸಾಲು, ಸೂರಿನ ಕೆಳಗೆ ಇನ್ನೊಂದು. ಪ್ರತಿಯೊಂದೂ ಮುಷ್ಟಿಗಿಂತ ಚಿಕ್ಕದು. ನಾನು ಅವುಗಳನ್ನು ನೋಡಿದೆ, ಜಗಲಿಗೆ ಒರಗಿಸಿದ್ದ ಪೊರಕೆಯನ್ನು ನೋಡಿದೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಹೆರೆಯುವ ಅದೇ ಕಡ್ಡಿ. ಹೇಳಲೋ ಬೇಡವೋ ಎಂದು ಅನುಮಾನಿಸುತ್ತಾ, "ಮೇಡಂ, ಪೊರಕೆಕಡ್ಡಿಯನ್ನು ಕಿಂಡಿಯಲ್ಲಿ ತೂರಿಸಿ, ಗೋಡೆಯ ಹೊರಮುಖಕ್ಕೆ ಸರಿಯಾಗಿ ಮುರಿದುಕೊಂಡರೆ ಆ ಜಾಗದ ದಪ್ಪ ಸಿಗಬಹುದೇನೋ. ಇದು ಅಷ್ಟು ಶಾಸ್ತ್ರೀಯವಾದ ವಿಧಾನವಲ್ಲ" ಎಂದೆ.

"ಶಾಸ್ತ್ರ ನಾಳೆ ನೋಡಾಣ. ತಗಂಬಾ ಕಡ್ಡಿಯ, ನಿಂತ್ಕಂಡೇ ಇದ್ದೀಯಲ್ಲ," ಎಂದರು ಮೇಡಂ.

ಕಡ್ಡಿಯ ತುದಿ ಬಾಗುತ್ತದೆ. ಬುಡದ ಕಡೆಯಿಂದ ತೂರಿಸಬೇಕು. ಇದು ನನಗೆ ಯಾವ ಕಾಲೇಜಿನಲ್ಲಿಯೂ ಕಲಿಸದೆ ಗೊತ್ತಿದ್ದ ವಿಷಯ. ಕೆಳಗಿನ ಸಾಲಿಗೆ ಕಷ್ಟವಾಗಲಿಲ್ಲ. ಯಜಮಾನಿ ಒಳಗೆ ಹೋಗಿ ಕಿಂಡಿಯ ಬಾಯಿಗೆ ಅಂಗೈ ಮುಚ್ಚಿ ನಿಂತರು. ಕಡ್ಡಿ ಅಂಗೈಗೆ ತಾಗಿದ ಕೂಡಲೇ, "ಬಂತು ಕಣವ್ವಾ, ಚುಚ್ಚಬ್ಯಾಡ!" ಎಂದು ಕೂಗಿದರು. ನಾನು ಹೊರಗೆ ಮುರಿದುಕೊಂಡೆ. ಅನಂತರ ಏಣಿ ಇಟ್ಟು ಅಟ್ಟದ ಸಾಲಿಗೆ ಏರಿದೆ. ಅಲ್ಲಿ ಒಳಗೆ ಅಂಗೈ ಇಡುವವರು ಯಾರೂ ಇರಲಿಲ್ಲ, ಕಾಯಿಗಳಿದ್ದವು. ಕಾಯಿ ಗೋಡೆಗೆ ಒತ್ತಿಕೊಂಡಿರುವುದರಿಂದ ಕಡ್ಡಿ ಸಿಪ್ಪೆಗೆ ತಾಗಿದ ಕಡೆಯೇ ಗೋಡೆಯ ಒಳಮುಖವೆಂದು ಲೆಕ್ಕ ಹಾಕಿದ್ದೆ. ತೂರಿಸಿದೆ. ಹೋಯಿತು, ಇನ್ನೂ ಹೋಯಿತು, ಬಹಳ ಒಳಗೆ ಹೋಗಿ ನಿಂತಿತು. ಮುರಿದು ತಂದು ಕೆಳಗಿನ ಕಡ್ಡಿಯ ಪಕ್ಕದಲ್ಲಿ ಹಿಡಿದರೆ, ಇದು ಅದಕ್ಕಿಂತ ಉದ್ದವಾಗಿತ್ತು.

ನನ್ನ ಮುಖ ಬಾಡಿರಬೇಕು. ಮೇಡಂ ಎರಡು ಕಡ್ಡಿಗಳನ್ನೂ ಎತ್ತಿ ಹಿಡಿದು, "ಬುಡಕ್ಕಿಂತ ನೆತ್ತಿ ದಪ್ಪ! ಮನೇನ ತಲೆಕೆಳಗಾಗಿ ಕಟ್ಟವ್ರೆ ಬುಡು," ಎಂದು ನಗತೊಡಗಿದರು.

ಒಳಗಿನಿಂದ ಬಂದ ಯಜಮಾನಿಯೂ ನಕ್ಕರು. "ಸಂದೀಗ್ ನುಗ್ಗೈತೆ ಕಣವ್ವ ಅದು. ಎರಡು ಕಾಯ್ ಮಧ್ಯೆ. ಒತ್ತಬ್ಯಾಡ ನೀನು. ಮೊದ್ಲು ತಾಗಿದ್ ತಕ್ಷಣ ನಿಲ್ಸು."

ಅದರಿಂದ ಒಂದು ಕ್ರಮ ಸಿಕ್ಕಿತು. ಅಟ್ಟದ ಸಾಲಿನ ಎಲ್ಲ ಕಿಂಡಿಗಳಲ್ಲಿಯೂ ಕಡ್ಡಿ ತೂರಿಸಿ, ಮೆತ್ತಗೆ ತಾಗಿದ ಕೂಡಲೇ ನಿಲ್ಲಿಸಿ ಮುರಿಯುವುದು. ಸಂದಿಗೆ ನುಗ್ಗಿದವು ಉದ್ದವಾಗಿಯೇ ಇರುತ್ತವೆ, ಅವುಗಳನ್ನು ಬಿಟ್ಟು, ಹೆಚ್ಚು ಕಡೆ ಒಂದೇ ಉದ್ದಕ್ಕೆ ಬಂದ ಗಿಡ್ಡ ಕಡ್ಡಿಗಳನ್ನು ನಂಬುವುದು. ಮೇಡಂ ದಾರಕ್ಕೆ ಕಲ್ಲು ಕಟ್ಟಿ ಸೂರಿನಿಂದ ಇಳಿಬಿಟ್ಟು, ಹೊರಮುಖ ಎಲ್ಲೆಲ್ಲಿ ಎಷ್ಟೆಷ್ಟು ಒಳಕ್ಕೆ ವಾಲಿದೆಯೆಂದು ಅಳೆದರು. ಗೋಡೆ ಹೊರಗಡೆಯೂ ನೆಟ್ಟಗಿರಲಿಲ್ಲ. ಭಾರಕ್ಕೆ ಹೊರಕ್ಕೆ ಜರುಗದಂತೆ ಮೇಲಕ್ಕೆ ಹೋದ ಹಾಗೆ ತುಸು ತುಸು ಹಿಂದೆ ಸರಿದಿತ್ತು.

ಕೊನೆಗೆ ಕಡ್ಡಿಗಳನ್ನು ಜಗಲಿಯ ಮೇಲೆ ಕೆಳಗಿನದು ಕೆಳಗೆ, ಮೇಲಿನದು ಮೇಲೆ ಎಂದು ಸಾಲಾಗಿ ಜೋಡಿಸಿದೆ. ಹೊರಗಿನ ತುದಿಗಳನ್ನು ದಾರದ ಅಳತೆಗೆ ಹೊಂದಿಸಿದೆ. ಒಳಗಿನ ತುದಿಗಳು ತಾವಾಗಿಯೇ ಒಂದು ಮೆಟ್ಟಿಲಾಗಿ ನಿಂತವು. ಬುಡದಲ್ಲಿ ಅಗಲವಾಗಿ ಕುಳಿತು, ಅಟ್ಟದ ಮಟ್ಟಕ್ಕೆ ಬಂದು, ತೊಲೆಗೆ ಒಂದು ಗೇಣಿನಷ್ಟು ಜಾಗ ಬಿಟ್ಟುಕೊಟ್ಟು, ಅಲ್ಲಿಂದ ತೆಳ್ಳಗಾಗಿ ಸೂರಿಗೆ ಏರಿದ ಗೋಡೆ. ಎಲ್ಲಿ ಭಾರ ಹೆಚ್ಚೋ ಅಲ್ಲಿ ಮಣ್ಣು ಹೆಚ್ಚು, ಎಲ್ಲಿ ಗಾಳಿ ಬೇಕೋ ಅಲ್ಲಿ ಕಡಿಮೆ. ಅದನ್ನು ಕಟ್ಟಿದವರು ಯಾರೆಂದು ಆ ಮನೆಯಲ್ಲಿ ಯಾರಿಗೂ ತಿಳಿಯದು. ಅವರು ಕಾಗದದ ಮೇಲೆ ಏನನ್ನೂ ಬರೆದಿರಲಾರರು. ಆದರೂ ಒಂದು ಪೂರ್ಣವಾದ ಅಡ್ಡಕೊಯ್ತ ಅವರ ಮನಸ್ಸಿನಲ್ಲಿ ಇದ್ದಿರಲೇಬೇಕು. ಆ ಕಡ್ಡಿಗಳ ಮುಂದೆ ನಾನು ಸ್ವಲ್ಪ ಹೊತ್ತು ಕೈಕಟ್ಟಿ ನಿಂತೆ.

ಕಚೇರಿಯಲ್ಲಿ ಆ ಪ್ರೊಫೈಲನ್ನು ಬರೆದ ದಿನ ನನ್ನ ಕೆಲಸದ ದಿನಗಳಲ್ಲಿಯೇ ಅತ್ಯಂತ ಸಂತೋಷದ್ದು. ಮೊದಲು ಕಲ್ಲಿನ ಬುನಾದಿಯ ಆಕಾರ, ಅದಕ್ಕೆ ಕಲ್ಲೆಂಬ ಗುರುತು. ಅದರ ಮೇಲೆ ಮಣ್ಣಿನ ದೇಹ, ಒಳಗಿನ ಮೆಟ್ಟಿಲು, ಮೇಲಿನ ತೆಳುವಾದ ಭಾಗ. ಹೊರಗೆ ಗಾರೆಯ ತೆಳ್ಳನೆಯ ಪದರ. ಅನಂತರ ಮೂಲಬಿಂದುವನ್ನು ಇಡಬೇಕು. ನಾವು ಎಳೆಯುವ ಗೆರೆ ಈ ಆಕಾರದ ಯಾವ ಜಾಗದಲ್ಲಿ ಹಾದುಹೋಗಬೇಕೆಂದು ತಿಳಿಸುವ ಬಿಂದು ಅದು. ನಾನು ಅಭ್ಯಾಸಬಲದಿಂದ ಅದನ್ನು ನಡುವೆ ಇಟ್ಟೆ. ಇಡೀ ಗೋಡೆ ಅರ್ಧದಷ್ಟು ಬೀದಿಗೆ ಹೋಗಿ ನಿಂತಿತು.

"ಪಂಚಾಯ್ತಿಯವ್ರು ಬತ್ತಾರೆ ನೋಡು ಈಗ," ಎಂದರು ಮೇಡಂ, ಟೀ ಲೋಟದ ಹಿಂದಿನಿಂದ.

ಬಿಂದುವನ್ನು ಬುನಾದಿಯ ಹೊರ ಅಂಚಿಗೆ ಸರಿಸಿದೆ. ಗೋಡೆ ತನ್ನ ಜಾಗಕ್ಕೆ ಮರಳಿತು. ಇನ್ನೊಂದು ವಿಷಯ ಉಳಿದಿತ್ತು. ಗೋಡೆಯ ಎತ್ತರವನ್ನು ಹೆಚ್ಚಿಸಿದರೆ ಯಾವ ಭಾಗ ಹಿಗ್ಗಬೇಕು, ಯಾವುದು ಹಾಗೆಯೇ ಇರಬೇಕು ಎಂಬುದನ್ನೂ ತಿಳಿಸಬೇಕಾಗುತ್ತದೆ. ಇಲ್ಲದಿದ್ದರೆ ಬುನಾದಿಯ ಕಲ್ಲು ಸಹ ರಬ್ಬರಿನಂತೆ ಎಳೆದುಕೊಂಡು ಏರುತ್ತದೆ. ಬುನಾದಿ ಕದಲಬಾರದು, ತೊಲೆ ಕೂರುವ ಮೆಟ್ಟಿಲು ಕದಲಬಾರದು, ಅದರ ಮೇಲಿನದು ಮಾತ್ರ ಬೇಕಾದಷ್ಟು ಬೆಳೆಯಬಹುದು ಎಂದು ಗೆರೆ ಹಾಕಿಕೊಟ್ಟೆ. ಒಬ್ಬ ಮನುಷ್ಯ ಯೋಚಿಸಬೇಕಾದುದನ್ನೆಲ್ಲ ಹೀಗೆ ಒಂದೊಂದಾಗಿ ಕೇಳಿ ತಿಳಿದುಕೊಳ್ಳುವ ಆ ಸಾಫ್ಟ್‌ವೇರಿನ ತಾಳ್ಮೆಯ ಬಗ್ಗೆಯೂ ನನಗೆ ಗೌರವವಿದೆ. ಕೇಳದಿದ್ದರೆ ನಾನು ಯೋಚಿಸುತ್ತಿರಲಿಲ್ಲ.

ಹಳೆಯ ಗೋಡೆಯನ್ನು ಆಯ್ದು ಹೊಸ ಪ್ರೊಫೈಲನ್ನು ಕೊಟ್ಟೆ. ಪರದೆಯ ಮೇಲೆ ಗೋಡೆ ಒಮ್ಮೆಲೇ ಉಸಿರೆಳೆದುಕೊಂಡಂತೆ ಹಿಂದೆ ಸರಿಯಿತು. ಅಟ್ಟದ ಮಟ್ಟದಲ್ಲಿ ಓಣಿ ಒಂದು ಗೇಣು ಅಗಲವಾಯಿತು.

ಭಾನುವಾರ ಯಜಮಾನಿಯ ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತೆವು. ಮೈದುನರು ಎತ್ತರದ, ಹೊಟ್ಟೆ ಬಂದ, ಸದಾ ನಗುಮುಖದ ಮನುಷ್ಯ. ನಾನು ಸಿದ್ಧಪಡಿಸಿಕೊಂಡಿದ್ದ ಮಾತುಗಳನ್ನು ಆರಂಭಿಸಿದೆ: "ಇದು ಗೋಡೆಯ ಅಡ್ಡಕೊಯ್ತದ ಆಧಾರದ ಮೇಲೆ ರಚಿತವಾದ ಮಾಡೆಲ್." ಅವರು ತಲೆಯಾಡಿಸಿದ ರೀತಿಯಿಂದಲೇ ಅರ್ಥವಾಗಲಿಲ್ಲವೆಂದು ತಿಳಿಯಿತು. ನಾನು ನಿಲ್ಲಿಸಿ, ನಮ್ಮಮ್ಮನಿಗೆ ಹೇಳುವಂತೆ ಹೇಳಿದೆ. "ಚಕ್ಕುಲಿ ಒರಳು ಇದೆಯಲ್ಲ ಅಣ್ಣ. ಅದರ ಕೆಳಗೆ ಹಾಕುವ ಬಿಲ್ಲೆಯ ತೂತು ಹೇಗಿರುತ್ತದೋ ಒತ್ತಿದ ಹಿಟ್ಟು ಉದ್ದಕ್ಕೂ ಹಾಗೆಯೇ ಬರುತ್ತದೆ. ಮೊದಲು ನಾನು ಚೌಕ ತೂತಿನ ಬಿಲ್ಲೆ ಹಾಕಿದ್ದೆ. ಈಗ ನಿಮ್ಮ ಗೋಡೆಯದೇ ಬಿಲ್ಲೆ ಮಾಡಿದ್ದೇನೆ."

"ಅಂಗನ್ನಿ ಮತ್ತೆ!" ಎಂದರು ಅವರು. "ನಮ್ಮತ್ಗೆ ಚಕ್ಲಿಗೂ ಈ ಗೋಡೆಗೂ ಏನ್ ವ್ಯತ್ಯಾಸ ಇಲ್ಲ ಬುಡಿ ಇಂಜಿನೇರಮ್ಮ. ಎರಡ್ನೂ ಒಡೆಯಕ್ಕೆ ಜೆಸಿಬೀನೇ ಬೇಕು."

"ಹೋದ್ ಸಲ ಎರಡು ಡಬ್ಬ ಕಟ್ಟಿಸ್ಕಂಡ್ ಹೋದೋನು ಯಾರಪ್ಪ?" ಎಂದರು ಯಜಮಾನಿ. ಆದರೆ ಅವರು ನಗುತ್ತಿರಲಿಲ್ಲ. ಅವರ ಕಣ್ಣು ಪರದೆಯ ಮೇಲಿನ ಓಣಿಯಲ್ಲಿಯೇ ಇತ್ತು.

ಮೈದುನರು ಮುಂದಕ್ಕೆ ಬಾಗಿ ನೋಡಿದರು. "ಕಂಪ್ಯೂಟ್ರಲ್ಲಿ ದಾರಿ ಬಿಡೋದು ಕಷ್ಟ ಅಲ್ಲ ಕಣ್ರೀ. ಅಲ್ಲಿ ಮಂಕ್ರಿ ಹೊತ್ಕಂಡು ಹೋಗೋರ್ ಯಾರು? ಅತ್ಗೆ. ಅವ್ರಿಗೆ ಆಗ್ಬೇಕು."

ಆ ಮಾತಿನಲ್ಲಿ ತಪ್ಪಿರಲಿಲ್ಲ. ಮೇಡಂ ಎದ್ದು ಹಿತ್ತಲಿನಿಂದ ಒಂದು ಉದ್ದನೆಯ ಗಳ ತರಿಸಿದರು. ಮನೆಯ ಹೊರಗೋಡೆಗೆ ಸಮನಾಗಿ ಗಳದ ಒಂದು ತುದಿಯನ್ನು ತಾವು ಹಿಡಿದರು, ಇನ್ನೊಂದು ತುದಿಯನ್ನು ಮೈದುನರು ಹಿಡಿದರು. ಸೊಂಟದ ಎತ್ತರಕ್ಕೆ. ನಾನು ಟೇಪು ಹಿಡಿದು, ಮೊದಲು ಹಳೆಯ ಮಾಡೆಲಿನ ಓಣಿಯ ಅಗಲಕ್ಕೆ ಗಳವನ್ನು ನಿಲ್ಲಿಸಿದೆ. ಯಜಮಾನಿ ತೋಟದಿಂದ ಹೊಸದಾಗಿ ಕಿತ್ತು ತಂದ ಕಾಯಿ ತುಂಬಿದ ಮಂಕರಿಯನ್ನು ಸೊಂಟಕ್ಕೇರಿಸಿ ಗೋಡೆಗೂ ಗಳಕ್ಕೂ ನಡುವೆ ನಡೆದರು. ಒಂದೆರಡು ಹೆಜ್ಜೆಗೆ ಮಂಕರಿ ಗಳಕ್ಕೆ ಒತ್ತಿತು, ಅವರ ಮೊಣಕೈ ಗೋಡೆಗೆ ತರಚಿತು. ನಿಂತರು.

"ನಾ ಹೇಳ್ಲಿಲ್ವಾ," ಎಂದರು ಮೈದುನರು, ಈ ಸಲ ಮೆಲ್ಲಗೆ.

"ಒಂದ್ನಿಮಿಷ ಇರಿ ಅಣ್ಣ," ಎಂದು ನಾನು ಗಳವನ್ನು ಒಂದು ಗೇಣು ಹೊರಕ್ಕೆ ಸರಿಸಿ ಮತ್ತೆ ಅಳೆದೆ. ಕಡ್ಡಿಗಳಲ್ಲಿ ಒಂದು ಸುಳ್ಳು ಹೇಳಿದ್ದರೂ ಈ ಗೇಣು ಇಲ್ಲ, ಈ ಗೋಡೆಯೂ ಇಲ್ಲ.

ಯಜಮಾನಿ ಮಂಕರಿಯನ್ನು ಇನ್ನೊಮ್ಮೆ ಸರಿಯಾಗಿ ಏರಿಸಿಕೊಂಡು ಹೊರಟರು. ಸೆರಗು ಗೋಡೆಗೆ ಸವರಿತು, ಮಂಕರಿಯ ಅಂಚು ಗಳದ ಪಕ್ಕದಲ್ಲಿ ಹಾದುಹೋಯಿತು. ತಾಗಲಿಲ್ಲ. ಈ ತುದಿಯಿಂದ ಆ ತುದಿಗೆ ನಡೆದು, ತಿರುಗಿ, ಮಂಕರಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ವಾಪಸು ಬಂದರು. ಬಂದವರು ಮಂಕರಿಯನ್ನು ಇಳಿಸದೆಯೇ ಮೈದುನರ ಮುಂದೆ ನಿಂತು, "ಈಗ ನೀನ್ ಬಾರಪ್ಪ," ಎಂದರು.

ಅವರು ಗಳವನ್ನು ನನ್ನ ಕೈಗೆ ಕೊಟ್ಟು, ಮಂಕರಿಯನ್ನು ತೆಗೆದುಕೊಂಡರು. ಮುಂದಕ್ಕೆ ಮುಖ ಮಾಡಿ ಹೋಗಲು ಆಗಲಿಲ್ಲ. ಹೊಟ್ಟೆಯನ್ನು ಒಳಗೆಳೆದುಕೊಂಡು, ಮಂಕರಿಯನ್ನು ಮುಂದೆ ಹಿಡಿದು, ಪಕ್ಕಕ್ಕೆ ಪಕ್ಕಕ್ಕೆ ಹೆಜ್ಜೆ ಹಾಕುತ್ತಾ ಆ ತುದಿ ಮುಟ್ಟಿದರು.

"ನೋಡಿದ್ರಾ, ನಾನೂ ಬಂದೆ," ಎಂದರು ಏದುಸಿರು ಬಿಡುತ್ತಾ.

"ನಿಂಗೇನು ಕಾಯ್ ಹೊರೋ ಕೆಲ್ಸ ಇಲ್ಲ ಕಣಪ್ಪ. ಬಂದಾಗ ಉಣ್ಣೋ ಕೆಲ್ಸ. ಅದ್ಕೆ ಓಣಿ ಬ್ಯಾಡ."

ಎಲ್ಲರೂ ನಕ್ಕ ಮೇಲೆ ಮೈದುನರು ಗೋಡೆಯನ್ನು ಅಂಗೈಯಿಂದ ತಟ್ಟಿ ನೋಡಿದರು. "ಆಯ್ತು ಅತ್ಗೆ. ಉಳ್ಕಳ್ಲಿ. ಆದ್ರೆ ಒಂದ್ ಮಾತು. ಕಾಯ್ ಇಳಿಸಿದ್ ದಿನ ನಾನೇ ಮೇಲೆ ಹತ್ತಿ ನೋಡ್ತೀನಿ. ಆ ಮೆಟ್ಲು ಅಲ್ಲಿ ಇಲ್ದೆ ಹೋದ್ರೆ ಮಾತ್ರ ಇಂಜಿನೇರಮ್ಮನ್ನ ಕೇಳ್ತೀನಿ."

ಅವರು ತಮಾಷೆಗೆ ಹೇಳಿದರು. ನಾನು ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಾರದೆ ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡೆ. ಬಸ್ಸಿನಲ್ಲಿ ಕುಳಿತಾಗ, ಮನೆಯಲ್ಲಿ ಕಡ್ಡಿ ಹೆರೆಯುವಾಗ, ಆ ಗಿಡ್ಡ ಕಡ್ಡಿಗಳೇ ನೆನಪಿಗೆ ಬರುತ್ತಿದ್ದವು. ಅಮ್ಮನಿಗೆ ಹೇಳಿದರೆ, "ಒಂದೊಂದ್ ಕಡ್ಡಿ ಬಾಗಬೌದು ಕಣೇ, ಅಷ್ಟೂ ಒಟ್ಗೆ ಬಾಗ್ತವಾ?" ಎಂದರು.

ಬೇಸಿಗೆ ಬಂದಾಗ ಯಜಮಾನಿ ಫೋನು ಮಾಡಿದರು. ಮಾತಿಗೆ ಮೊದಲು ಲೊಡಲೊಡ ಎಂಬ ಸದ್ದು ಕೇಳಿತು. ಕಾಯನ್ನು ಫೋನಿನ ಬಳಿ ಹಿಡಿದು ಅಲುಗಾಡಿಸುತ್ತಿದ್ದರು. "ಇಳಿಸ್ತಾ ಇದ್ದೀವಿ. ಬನ್ನಿ ಇಬ್ರೂ."

ನಾವು ಹೋಗುವ ಹೊತ್ತಿಗೆ ಅಟ್ಟ ಹೆಚ್ಚುಕಡಿಮೆ ಬರಿದಾಗಿತ್ತು. ಮೈದುನರು ಮಾತಿಗೆ ತಪ್ಪದೆ ಮೇಲೆಯೇ ಕುಳಿತಿದ್ದರು. ಏಣಿ ಹತ್ತಿ ನಾನು ತಲೆ ಎತ್ತಿದಾಗ ಮೊದಲು ಕಂಡದ್ದು ಅವರ ಕಾಲುಗಳು. ಅವರು ಗೋಡೆಯ ಮೆಟ್ಟಿಲಿನ ಮೇಲೆ, ತೊಲೆಗಳು ಸಾಲಾಗಿ ಮಲಗಿದ್ದ ಜಾಗದಲ್ಲಿ, ಆರಾಮಾಗಿ ಬೆನ್ನು ಒರಗಿಸಿ ಕುಳಿತಿದ್ದರು. "ಐತೆ ಕಣ್ರವ್ವ. ಕೂತೇ ನೋಡ್ಬುಟ್ಟೆ," ಎಂದರು. ಕಿಂಡಿಗಳಿಂದ ಬಂದ ಬೆಳಕು ಧೂಳಿನಲ್ಲಿ ಓರೆಯಾಗಿ ಬಿದ್ದು ಗೋಡೆಯ ಆಕಾರವನ್ನು ಪೂರ್ತಿಯಾಗಿ ತೋರಿಸುತ್ತಿತ್ತು. ನಾನು ಪರದೆಯ ಮೇಲೆ ಬಹಳ ದಿನ ನೋಡಿದ್ದ ಅದೇ ಗೋಡೆ. ಈಗ ಅದಕ್ಕೆ ಕಾಯಿ ಸಿಪ್ಪೆಯ ವಾಸನೆಯಿತ್ತು, ಯಾರದೋ ಬೆರಳುಗಳು ಮಣ್ಣು ಬಳಿದ ಗೀರುಗಳಿದ್ದವು.

ಆದರೆ ಹಿಂದಿನ ಮೂಲೆಯ ಹತ್ತಿರ ಗೋಡೆ ಒಳಕ್ಕೆ ಉಬ್ಬಿತ್ತು. ಯಾವಾಗಲೋ ಬಿರುಕು ಬಿಟ್ಟಿದ್ದಕ್ಕೆ ಮಣ್ಣಿನ ಮೇಲೆ ಮಣ್ಣು ಮೆತ್ತಿದ್ದರು. ಆ ಭಾಗದಲ್ಲಿ ಕಿಂಡಿ ಇರಲಿಲ್ಲ. ನನ್ನ ಕಡ್ಡಿ ಅಲ್ಲಿಗೆ ಹೋಗಿರಲಿಲ್ಲ. ಬಿಲ್ಲೆ ಒಂದೇ ಇದ್ದರೂ ಗೋಡೆಯನ್ನು ಕೈಯಿಂದ ಕಟ್ಟಿದ್ದರು. ನಾನು ಟೇಪು ತೆಗೆದೆ. ಅಲ್ಲಿ ಓಣಿಯ ಅಗಲ ನಾಲ್ಕು ಬೆರಳು ಕಡಿಮೆ. ಯಜಮಾನಿಯ ಕಡೆ ತಿರುಗಿ, "ಅಮ್ಮ, ಇಲ್ಲಿ ಸ್ವಲ್ಪ ವ್ಯತ್ಯಾಸವಿದೆ. ಇದನ್ನು ನಾನು ಗಮನಿಸಿರಲಿಲ್ಲ" ಎಂದೆ.

"ಇಷ್ಟು ಉದ್ದಕ್ಕೆ ಬೇರೆ ಪ್ರೊಫೈಲ್ ಬರ್ಕಳೆ, ಎರಡು ತುಂಡಾಗ್ತದೆ ಅಷ್ಟೆ," ಎಂದರು ಮೇಡಂ, ಮಾಡೆಲಿಗೆ ಸಂಬಂಧಿಸಿದಂತೆ.

ಯಜಮಾನಿ ಇಬ್ಬರ ಮಾತನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಇಳಿಸದೆ ಉಳಿದಿದ್ದ ಕೊನೆಯ ಮಂಕರಿಯನ್ನು ಸೊಂಟಕ್ಕೇರಿಸಿಕೊಂಡು, ಗೋಡೆಗೂ ನಡುಗಂಬಗಳಿಗೂ ನಡುವೆ, ನಾಳೆ ಓಣಿಯಾಗಲಿದ್ದ ಜಾಗದಲ್ಲಿ ನಡೆದರು. ಕಾಯಿಗಳು ಪ್ರತಿ ಹೆಜ್ಜೆಗೂ ಲೊಡಲೊಡ ಎನ್ನುತ್ತಿದ್ದವು. ಉಬ್ಬಿದ ಜಾಗ ಬಂದಾಗ ನಿಲ್ಲದೆಯೇ ಮಂಕರಿಯನ್ನು ಒಮ್ಮೆ ಎತ್ತಿ ತಲೆಯ ಮೇಲಿಟ್ಟುಕೊಂಡು, ದಾಟಿ, ಮತ್ತೆ ಸೊಂಟಕ್ಕೆ ಇಳಿಸಿಕೊಂಡರು. ಹೊಸ ಕೋಣೆಗಳು ಬರಬೇಕಾದ ಕಡೆಗೆ ಹೋಗಿ, ಮಂಕರಿ ಕೆಳಗಿಟ್ಟು, ನನ್ನತ್ತ ತಿರುಗಿದರು.

"ಟೇಪ್ ಒಳಗಿಟ್ಕಳವ್ವ," ಎಂದರು. "ಆಗ್ತದೆ."